ಕಾಲು ತೊಳೆದ ನೀರನ್ನು ಚೆಲ್ಲುವವರು ಯಾರು?

ಈಸ್ಟರ್‌ಗೆ ಮೊದಲಿನ ಪವಿತ್ರ ಗುರುವಾರದ ಸಂಜೆ, ಯೇಸು ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಚರ್ಚಿನ ಪೀಠದ ಮುಂದೆ ಬಂದು ಕೂರುವ ಹನ್ನೆರಡು ಜನರ ಕಾಲುಗಳೂ ಮನೆಯಲ್ಲೇ ಚೆನ್ನಾಗಿ ತೊಳೆದುಕೊಂಡು ಬಂದ ಕಾಲುಗಳು. ಉಗುರು ಕತ್ತರಿಸಿರುತ್ತದೆ, ಹಿಮ್ಮಡಿ ಉಜ್ಜಿರುತ್ತದೆ, ಒಬ್ಬಿಬ್ಬರು ಪೌಡರ್ ಕೂಡ ಹಾಕಿಕೊಂಡಿರುತ್ತಾರೆ. ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಊರ ಚರ್ಚಿನಲ್ಲಿ, ಆ ದಿನದ ಏರ್ಪಾಡು ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿರುವುದರಿಂದ ಇದನ್ನೆಲ್ಲ ಹತ್ತಿರದಿಂದ ನೋಡುತ್ತೇನೆ. ಹನ್ನೆರಡು ಕುರ್ಚಿ, ಹನ್ನೆರಡು ಚಿಕ್ಕ ಟರ್ಕಿ ಟವೆಲ್, ಹಿತ್ತಾಳೆಯ ಹೂಜಿ, ಅಗಲ ಬಾಯಿಯ ಬೋಗುಣಿ, ಕಾರ್ಪೆಟ್ ನೆನೆಯದಿರಲಿ ಅಂತ ಕೆಳಗೊಂದು ಪ್ಲಾಸ್ಟಿಕ್ ಹಾಳೆ. ವಯಸ್ಸಾದವರೂ ಇರುತ್ತಾರಾದ್ದರಿಂದ ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿಡುತ್ತೇನೆ. ಪ್ರಬೋಧನೆ ಮುಗಿದ ಮೇಲೆ ಫಾದರ್ ಮೇಲಿನ ಪೂಜಾವಸ್ತ್ರ ತೆಗೆದಿಟ್ಟು, ಸೊಂಟಕ್ಕೆ ಬಿಳಿ ಬಟ್ಟೆ ಕಟ್ಟಿಕೊಂಡು, ಒಬ್ಬೊಬ್ಬರ ಮುಂದೆಯೂ ಮಂಡಿಯೂರಿ ಬಲಗಾಲಿನ ಮೇಲೆ ನೀರು ಸುರಿದು ಒರೆಸಿ ಮುತ್ತಿಡುತ್ತಾರೆ. ಗಾಯನ ವೃಂದ ಹಾಡುತ್ತಿರುತ್ತದೆ. ವರ್ಷದ ಎಲ್ಲ ಪೂಜೆಗಳಲ್ಲಿ ನನಗೆ ಇದೇ ಹೆಚ್ಚು ಪ್ರಿಯ.

ಹಿಂದೆ ಈ ಹನ್ನೆರಡು ಜನರೂ ಗಂಡಸರೇ ಆಗಿರಬೇಕಿತ್ತು. ಹೆಂಗಸರನ್ನೂ ಕೂರಿಸಬಹುದು ಎಂದು ರೋಮ್‌ನಿಂದ ಆದೇಶ ಹೊರಟದ್ದು 2016ರ ಜನವರಿಯಲ್ಲಿ. ನಮ್ಮಲ್ಲಿ ಅದು ಜಾರಿಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಬಂದಾಗ, ನಮ್ಮ ಚರ್ಚಿನ ಒಳಗೆ ಹೊರಗೆ ಗುಡಿಸಿ ಒರೆಸುವ ಅಕ್ಕನನ್ನು ಕೂರಿಸೋಣ ಎಂದು ನಾನೇ ಹೇಳಿದೆ. ಕನಕಪುರದ ಕಡೆಯವರು. ಬೆಳಗ್ಗೆ ಅಪಾರ್ಟ್‌ಮೆಂಟಿನ ಮೂರ್ನಾಲ್ಕು ಮನೆ ಕೆಲಸ, ಸಂಜೆ ಇಲ್ಲಿ. ಕೇಳಿದ ಕೂಡಲೇ ಕಾಲನ್ನು ಸೀರೆಯ ಅಂಚಿನೊಳಕ್ಕೆ ಎಳೆದುಕೊಂಡರು.

“ಅಯ್ಯೋ ಬ್ಯಾಡ ಬಿಡಕ್ಕ. ನನ್ ಕಾಲು ನೋಡಿದ್ದೀರಾ? ಫಾದರ್ ಮುಟ್ಟಂಗದೆಯಾ ಇದು?”

ಯೇಸು ಕಾಲು ತೊಳೆಯಲು ಬಂದಾಗ ಶಿಷ್ಯ ಪೇತ್ರನೂ ಹೀಗೇ ಬೇಡ ಅಂದಿದ್ದ ಅಲ್ಲವೇ ಅಕ್ಕ ಎಂದೆ. ನಾವು ಉಪದೇಶ ತರಗತಿಯಲ್ಲಿ ಮಕ್ಕಳಿಗೆ ಹೇಳುವ ಮಾತು ಅದು. ಅವರು ಒಂದು ನಿಮಿಷ ಸುಮ್ಮನಿದ್ದು ಕೇಳಿದರು:

“ಅದಿರ್ಲಿ, ಆ ಕಾಲು ತೊಳ್ದಿದ್ ನೀರ್ ಚೆಲ್ಲಿ ನೆಲ ಒರ್ಸೋರ್ಯಾರು? ನಾನೇ ತಾನೆ?”

ಹೌದು, ಅವರೇ. ಪೂಜೆ ಮುಗಿದು, ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು, ಪಕ್ಕದ ಪೀಠಕ್ಕೆ ಮೆರವಣಿಗೆಯಲ್ಲಿ ಕೊಂಡೊಯ್ದು, ಜನ ರಾತ್ರಿಯ ಆರಾಧನೆಗೆ ಕೂತಿರುವಾಗ, ಬೋಗುಣಿ ಎತ್ತಿ ಹಿಂದಿನ ಬಾಗಿಲಿಂದ ಹೊರಗೆ ಹೋಗುವವರು ಅವರೇ. ಆ ಕೆಲಸಕ್ಕೆ ಯಾವ ಹಾಡೂ ಇಲ್ಲ. ಆ ಪ್ರಶ್ನೆ ಕೇಳಿದ ಮೇಲೆ ದೀನತೆ ಎನ್ನುವ ವಿಷಯವನ್ನು ನಾನು ಮೊದಲಿನ ಹಾಗೆ ಯೋಚಿಸಲು ಆಗಲೇ ಇಲ್ಲ.

ನಮ್ಮ ಕ್ರೈಸ್ತ ವಲಯದಲ್ಲಿ ದೀನತೆಯ ಬಗ್ಗೆ ಮಾತಿಗೇನೂ ಬರವಿಲ್ಲ. ಧರ್ಮಕೇಂದ್ರದ ಹಬ್ಬದಲ್ಲಿ ಶಾಲು ಹೊದಿಸಿಕೊಂಡವರು ಮೈಕು ಹಿಡಿದು “ನಾನು ಅಲ್ಪ, ನಾನು ಏನೂ ಅಲ್ಲ, ಎಲ್ಲ ದೇವರದ್ದು” ಅನ್ನುತ್ತಾರೆ. ಆ ಮಾತನ್ನು ಸುಳ್ಳು ಅಂತ ನಾನು ಹೇಳಲಾರೆ, ಅವರ ಹೃದಯ ನನಗೆ ಕಾಣುವುದಿಲ್ಲ. ಆದರೆ ಅದೇ ವ್ಯಕ್ತಿಯ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಒಂದು ಸಾಲು ಕೆಳಗೆ ಬಂದಿದ್ದರೆ ಆ ವಾರವೆಲ್ಲ ಫಾದರ್‌ಗೆ ನೆಮ್ಮದಿ ಇರುವುದಿಲ್ಲ ಎಂಬುದೂ ಕಣ್ಣಾರೆ ಕಂಡದ್ದೇ. ತನ್ನನ್ನು ತಾನು ಅಲ್ಪ ಎಂದು ಕರೆದುಕೊಳ್ಳುವುದು ಸುಲಭ. ಬೇರೆಯವರು ಹಾಗೆ ನಡೆಸಿಕೊಂಡಾಗ ಗೊತ್ತಾಗುತ್ತದೆ.

ಅವಿಲಾದ ಸಂತ ತೆರೇಸಾ ದೀನತೆಯೆಂದರೆ ಸತ್ಯದಲ್ಲಿ ನಡೆಯುವುದು ಎಂದು ಬರೆದಿದ್ದಾರೆ. ಹದಿನಾರನೆಯ ಶತಮಾನದ ಸ್ಪೇನಿನಲ್ಲಿ, ಗಂಡಸರ ಅನುಮಾನದ ಕಣ್ಣುಗಳ ನಡುವೆ ಒಂದಾದ ಮೇಲೊಂದು ಮಠ ಕಟ್ಟುತ್ತ ಹೋದ ಹೆಂಗಸು ಆಕೆ. ತನ್ನ ಕೈಲಾಗುವುದನ್ನು ಆಗುವುದಿಲ್ಲ ಎನ್ನುತ್ತ ಕೂತಿದ್ದರೆ ಒಂದು ಮಠವೂ ಏಳುತ್ತಿರಲಿಲ್ಲ. ನನ್ನಲ್ಲಿ ಏನಿದೆಯೋ ಅದು ಇದೆ, ಅದನ್ನು ಕೊಟ್ಟವನು ದೇವರು, ಇಲ್ಲದ್ದು ಇಲ್ಲ. ಇಷ್ಟನ್ನು ಒಪ್ಪಿಕೊಂಡು ನಡೆಯುವವರಿಗೆ ತಮ್ಮನ್ನು ಹಳಿದುಕೊಳ್ಳುವ ಅಗತ್ಯವೂ ಬೀಳುವುದಿಲ್ಲ, ಹೊಗಳಿಕೊಳ್ಳುವ ಅಗತ್ಯವೂ ಬೀಳುವುದಿಲ್ಲ.

ಯೇಸು ಕಾಲು ತೊಳೆದದ್ದನ್ನು ಹೇಳುವ, ಬೈಬಲ್ಲಿನ ಸಂತ ಯೊವಾನ್ನರ ಶುಭಸಂದೇಶದ ಹದಿಮೂರನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಿ ನೋಡಿ. ಯೇಸು ಊಟದಿಂದ ಏಳುವ ಮೊದಲೇ ಯೊವಾನ್ನರು ಒಂದು ಮಾತು ಹೇಳಿಬಿಡುತ್ತಾರೆ: ಪಿತನು ಸಮಸ್ತವನ್ನೂ ತನ್ನ ಕೈಗೆ ಒಪ್ಪಿಸಿದ್ದಾನೆ, ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೇ ಹೋಗುವವನು ಎಂಬುದು ಯೇಸುವಿಗೆ ತಿಳಿದಿತ್ತು. ಅದು ತಿಳಿದಿದ್ದರಿಂದಲೇ ಎದ್ದು, ಮೇಲುಹೊದಿಕೆ ತೆಗೆದಿಟ್ಟು, ನಡುವಿಗೆ ಬಟ್ಟೆ ಸುತ್ತಿಕೊಂಡು, ಬೋಗುಣಿಗೆ ನೀರು ಸುರಿಯುತ್ತಾರೆ. ಸುರಿದವರು ಅವರೇ, ತೊಳೆದವರು ಅವರೇ, ಕಟ್ಟಿಕೊಂಡ ಬಟ್ಟೆಯಿಂದ ಒರೆಸಿದವರೂ ಅವರೇ. ತನ್ನನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದನ ಕಾಲನ್ನೂ ತೊಳೆದರು, ಅವನು ಎದ್ದು ಕತ್ತಲೊಳಕ್ಕೆ ಹೋದದ್ದು ಆಮೇಲೆ. ತಾನು ಯಾರು ಎಂಬುದರಲ್ಲಿ ಸ್ವಲ್ಪವೂ ಅನುಮಾನ ಇಲ್ಲದವನಿಗೆ ಮಾತ್ರ ಇಷ್ಟು ನಿರಾಳವಾಗಿ ಬಗ್ಗಲು ಸಾಧ್ಯ.

ಸಂತ ಪೌಲರು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಪತ್ರ ಬರೆಯುವಾಗಲೂ ಹೀಗೇ. ದೇವಸ್ವರೂಪಿಯಾಗಿದ್ದವನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿದ ಎನ್ನುತ್ತಾರೆ. ಮೇಲೆ ಇದ್ದವನು ಕೆಳಗೆ ಇಳಿದ. ಇಲ್ಲಿ ನನಗೆ ಒಂದು ವಿಷಯ ಒತ್ತಿ ಹೇಳಬೇಕಿದೆ, ಏಕೆಂದರೆ ನಮ್ಮಲ್ಲಿ ಇದು ತಲೆಕೆಳಗಾಗಿದೆ. ನಮ್ಮಲ್ಲಿ ದೀನತೆಯ ಪಾಠ ಯಾರಿಗೆ ಹೇಳುತ್ತೇವೆ? ಗಂಡ ಹೊಡೆಯುತ್ತಾನೆ ಎಂದು ಅಳುತ್ತ ಬಂದ ಹುಡುಗಿಗೆ. “ನೀನೇ ಸ್ವಲ್ಪ ತಗ್ಗಿ ಬಗ್ಗಿ ನಡಿಯಮ್ಮ, ಮರಿಯಮ್ಮನವರು ಎಷ್ಟು ದೀನರಾಗಿದ್ದರು ನೋಡು” ಎಂದು ಯೇಸುವಿನ ತಾಯಿಯನ್ನು ತೋರಿಸುತ್ತೇವೆ. ಸ್ಮಶಾನದಲ್ಲಿ ತಮ್ಮವರಿಗೆ ಮೂಲೆಯ ಜಾಗ ಯಾಕೆ ಎಂದು ಕೇಳಿದ ದಲಿತ ಕುಟುಂಬಕ್ಕೆ ಹೇಳುತ್ತೇವೆ. ಸಂಬಳ ಹೆಚ್ಚು ಮಾಡಿ ಎಂದ ಅಡುಗೆಯವರಿಗೆ ಹೇಳುತ್ತೇವೆ. ಇಳಿಯಲು ಮೆಟ್ಟಿಲೇ ಇಲ್ಲದವರಿಗೆ ಇಳಿ ಎನ್ನುತ್ತೇವೆ. ಇದು ನನಗೆ ಕೋಪ ಬರಿಸುತ್ತದೆ, ಈ ಕೋಪವನ್ನು ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕು ಎಂದು ನನಗೆ ಅನ್ನಿಸಿಲ್ಲ.

ಮರಿಯಮ್ಮನವರ ಹೆಸರನ್ನು ಇದಕ್ಕೆ ಬಳಸುವವರು ಲೂಕರ ಶುಭಸಂದೇಶದ ಮೊದಲ ಅಧ್ಯಾಯವನ್ನು ಪೂರ್ತಿ ಓದಬೇಕು. ಗರ್ಭಿಣಿಯಾದ ಹುಡುಗಿ ಬೆಟ್ಟದ ಸೀಮೆಯ ಊರಿಗೆ, ಬಂಧು ಎಲಿಜಬೇತಳ ಮನೆಗೆ ಆತುರದಿಂದ ಹೋಗುತ್ತಾಳೆ. ಅಲ್ಲಿ ಆಕೆಯ ಬಾಯಿಂದ ಬರುವ ಹಾಡಿನಲ್ಲಿ “ನಾನು ಏನೂ ಅಲ್ಲ” ಎಂಬ ಮಾತಿಲ್ಲ. ದೇವರು ತನ್ನ ದಾಸಿಯ ದೀನಸ್ಥಿತಿಯನ್ನು ಕಂಡ, ಇನ್ನು ಮುಂದೆ ಎಲ್ಲ ತಲೆಮಾರಿನವರೂ ನನ್ನನ್ನು ಧನ್ಯಳು ಎನ್ನುತ್ತಾರೆ, ಏಕೆಂದರೆ ಸರ್ವಶಕ್ತನು ನನಗೆ ದೊಡ್ಡ ಕಾರ್ಯಗಳನ್ನು ಮಾಡಿದ್ದಾನೆ ಎನ್ನುತ್ತಾಳೆ. ಮುಂದೆ ಹೋಗಿ, ಬಲಿಷ್ಠರನ್ನು ಸಿಂಹಾಸನದಿಂದ ಕೆಳಗಿಳಿಸಿ ದೀನರನ್ನು ಮೇಲೆತ್ತುವ ದೇವರನ್ನು ಹಾಡುತ್ತಾಳೆ, ಹಸಿದವರನ್ನು ತಣಿಸಿ ಐಶ್ವರ್ಯವಂತರನ್ನು ಬರಿಗೈಲಿ ಕಳಿಸುವವನನ್ನು. ತಾನು ದೊಡ್ಡದನ್ನು ಪಡೆದೆ ಎಂದು ಹೇಳಲು ಆಕೆಗೆ ಸಂಕೋಚವಿಲ್ಲ. ಕೊಟ್ಟವನು ಯಾರು ಎಂಬುದನ್ನೂ ಮರೆತಿಲ್ಲ. ಈ ಹಾಡನ್ನು ನಮ್ಮ ಸಿಸ್ಟರ್‌ಗಳು ದಿನಾ ಸಂಜೆ ಪ್ರಾರ್ಥನೆಯಲ್ಲಿ ಹೇಳುತ್ತಾರೆ. ಹೊಡೆತ ತಿಂದು ಬಂದ ಹುಡುಗಿಗೆ ಓದಿ ಹೇಳಬೇಕಾದದ್ದು ಇದನ್ನೇ.

ಪರಮಪ್ರಸಾದಕ್ಕೆ ಮೊದಲು ನಾವೆಲ್ಲ ಪ್ರಭುವಿಗೆ “ನಾನು ಅಪಾತ್ರ” ಎಂದು ಹೇಳುತ್ತೇವಲ್ಲ, ಆ ಮಾತು ಮೊದಲು ಬಂದದ್ದು ಯಾರ ಬಾಯಿಂದ? ಒಬ್ಬ ಶತಾಧಿಪತಿಯಿಂದ, ಅಂದರೆ ನೂರು ಸೈನಿಕರ ಮೇಲಿನ ಅಧಿಕಾರಿಯಿಂದ. ಬಾ ಎಂದರೆ ಬರುವ, ಹೋಗು ಎಂದರೆ ಹೋಗುವ ಸೈನಿಕರು ಅವನ ಕೈಕೆಳಗಿದ್ದರು. ಕಫೆರ್ನವುಮ್ ಎಂಬ ಊರಿನಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲದ ಅಧಿಕಾರಿ, ತನ್ನ ಆಳಿನ ಕಾಯಿಲೆಗಾಗಿ ಬಂದು ಒಬ್ಬ ಯೆಹೂದ್ಯನ ಮುಂದೆ ಈ ಮಾತಾಡಿದ. ಯೇಸು ಅವನಲ್ಲಿ ಮೆಚ್ಚಿದ್ದು ನಂಬಿಕೆಯನ್ನು, ಸರಿ. ಆದರೆ ಅವನು ನಿಂತ ರೀತಿಯನ್ನೂ ನಾವು ನೋಡಬೇಕು.

ಅಕ್ಕನ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಸಂತ ಬೆನೆಡಿಕ್ಟರ ನಿಯಮಗಳಲ್ಲಿ. ಸುಮಾರು 1500 ವರ್ಷಗಳ ಹಿಂದೆ ಇಟಲಿಯಲ್ಲಿ ಮಠದ ಸನ್ಯಾಸಿಗಳಿಗಾಗಿ ಬರೆದದ್ದು. ಅದರ ಏಳನೆಯ ಅಧ್ಯಾಯ ದೀನತೆಯ ಬಗ್ಗೆಯೇ ಇದೆ, ಹನ್ನೆರಡು ಮೆಟ್ಟಿಲುಗಳ ಏಣಿಯಾಗಿ. ಹೆಚ್ಚಿನವರು ಅದನ್ನೇ ಓದಿ ಧ್ಯಾನಿಸುತ್ತಾರೆ. ನನ್ನನ್ನು ಹಿಡಿದದ್ದು ಮೂವತ್ತೈದನೆಯ ಅಧ್ಯಾಯ. ಅದು ಅಡುಗೆಮನೆಯ ಸರದಿಯ ಬಗ್ಗೆ. ಕಾಯಿಲೆ ಬಿದ್ದವರು, ಮಠದ ಮುಖ್ಯ ಕೆಲಸದಲ್ಲಿ ತೊಡಗಿದವರು ಬಿಟ್ಟರೆ ಯಾರಿಗೂ ಅಡುಗೆಮನೆ ಕೆಲಸದಿಂದ ವಿನಾಯಿತಿ ಇಲ್ಲ. ಬಲ ಕಡಿಮೆ ಇದ್ದವರಿಗೆ ಸಹಾಯಕರನ್ನು ಕೊಡಬೇಕು. ವಾರದ ಕೊನೆಗೆ, ಸರದಿ ಮುಗಿಸುವವನು ಶನಿವಾರ ಎಲ್ಲ ಸ್ವಚ್ಛ ಮಾಡಿ, ಸೋದರರು ಕೈಕಾಲು ಒರೆಸಿಕೊಳ್ಳುವ ಬಟ್ಟೆಗಳನ್ನು ಒಗೆದು, ಪಾತ್ರೆಗಳನ್ನು ಶುಭ್ರವಾಗಿ, ಮುರಿಯದಂತೆ ಉಗ್ರಾಣದವನಿಗೆ ಒಪ್ಪಿಸಬೇಕು. ಜೊತೆಗೆ ಸರದಿ ಮುಗಿಸುವವನೂ ಸರದಿ ಹಿಡಿಯುವವನೂ ಸೇರಿ ಎಲ್ಲರ ಕಾಲು ತೊಳೆಯಬೇಕು.

ಕಾಲು ತೊಳೆಯುವುದು, ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ಒಂದೇ ಅಧ್ಯಾಯದಲ್ಲಿ! ಓದಿದ ದಿನ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಅಂದೇ ಸಂಜೆ ಫಾದರ್‌ಗೆ ಫೋನ್ ಮಾಡಿ ಓದಿ ಹೇಳಿದೆ. ಬೆನೆಡಿಕ್ಟರು ದೀನತೆಯನ್ನು ಮನಸ್ಸಿನ ಮೇಲೆ ಮಾತ್ರ ಬಿಟ್ಟು ಕೂರಲಿಲ್ಲ, ಪಟ್ಟಿ ಮಾಡಿದರು. ದಾಸತ್ವದಿಂದ ಬಂದು ಸೇರಿದವನಿಗಿಂತ ಸ್ವತಂತ್ರ ಕುಲದಲ್ಲಿ ಹುಟ್ಟಿದವನನ್ನು ಮೇಲೆ ಇಡಬಾರದು ಎಂದರು. ಮಠದಲ್ಲಿ ಯಾರು ಮುಂದೆ ಯಾರು ಹಿಂದೆ ಎಂಬುದು ಸೇರಿದ ದಿನ, ಸೇರಿದ ಹೊತ್ತಿನ ಪ್ರಕಾರ. ವಯಸ್ಸಿಗೂ ಪದವಿಗೂ ಲೆಕ್ಕವಿಲ್ಲ. ರೋಮ್ ಸಾಮ್ರಾಜ್ಯ ಕುಸಿದ ಮೇಲೂ ಆಳು ಒಡೆಯ ಎಂಬ ಭೇದ ಗಟ್ಟಿಯಾಗಿಯೇ ನಿಂತಿದ್ದ ಸಮಾಜದಲ್ಲಿ ಇದನ್ನು ಬರೆಯಲು ಎಷ್ಟು ಧೈರ್ಯ ಬೇಕಿತ್ತೋ.

ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ನಾನು ಇದನ್ನು ಇಟ್ಟೆ. ಶನಿವಾರದ ಸ್ವಚ್ಛತೆ, ಹಬ್ಬಗಳ ನಂತರದ ಕೆಲಸ, ಪವಿತ್ರ ಗುರುವಾರದ ಬೋಗುಣಿ ಸೇರಿ ಎಲ್ಲವೂ ಕುಟುಂಬಗಳ ಸರದಿಯಲ್ಲಿ ನಡೆಯಲಿ. ಉಳಿದ ದಿನಗಳ ಕೆಲಸಕ್ಕೆ ಅಕ್ಕನ ಸಂಬಳ ಪೂರ್ತಿ ಹಾಗೇ ಇರಲಿ. “ಸಂಬಳ ಕೊಟ್ಟು ಇಟ್ಟುಕೊಂಡಿದ್ದೀವಲ್ಲ, ಮತ್ಯಾಕೆ?” ಎಂದು ಒಬ್ಬರು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ. ಕೆಲಸ ಆಗಬೇಕು ಎಂಬುದಷ್ಟೇ ಇದ್ದರೆ ಸಂಬಳ ಸಾಕು. ಆದರೆ ಗುರುವಾರ ಸಂಜೆ ನಾವು ಕಣ್ಣಲ್ಲಿ ನೀರು ತಂದುಕೊಂಡು ನೋಡುವುದು ನಮ್ಮ ಬದುಕಿಗೆ ಸಂಬಂಧಪಟ್ಟದ್ದು ಎಂದಾದರೆ, ಬಟ್ಟೆ ಹಿಂಡುವ ಕೈ ವರ್ಷಕ್ಕೊಮ್ಮೆಯಾದರೂ ನಮ್ಮದಾಗಿರಬೇಕು ಎಂದು ಹೇಳಿದೆ. ಫಾದರ್ ಮೊದಲು ತಮ್ಮ ಹೆಸರು ಬರೆಸಿದರು. ಅಷ್ಟಾದ ಮೇಲೆ ಉಳಿದವರಿಗೆ ಬೇಡ ಎನ್ನಲು ಆಗಲಿಲ್ಲ.

ಪಟ್ಟಿಯನ್ನು ಬೆನೆಡಿಕ್ಟರ ಹಾಗೆಯೇ, ಧರ್ಮಕೇಂದ್ರದ ರಿಜಿಸ್ಟರಿನಲ್ಲಿ ಕುಟುಂಬ ಸೇರಿದ ಕ್ರಮದಲ್ಲಿ ಮಾಡಿದೆವು. ಮನೆಗೆಲಸ ಮಾಡುವವರ, ಪೌರಕಾರ್ಮಿಕರ ಹೆಸರು ಬೇಡ, ಪಾಪ ವಾರವೆಲ್ಲ ಅದೇ ಮಾಡಿ ದಣಿದಿರುತ್ತಾರೆ ಎಂದು ಸಮಿತಿಯವರು ಕನಿಕರದಿಂದಲೇ ತೀರ್ಮಾನಿಸಿದ್ದರು. ನೋಟಿಸ್ ಬೋರ್ಡಿನ ಮುಂದೆ ಅಕ್ಕ ಮಗಳಿಂದ ಪಟ್ಟಿ ಓದಿಸಿದರು. ಸೀದಾ ನನ್ನ ಹತ್ತಿರ ಬಂದರು. “ನನ್ ಹೆಸ್ರು ಯಾಕ್ ಬಿಟ್ಟಿದ್ದೀರಾ? ಈ ಅಪಾರ್ಟ್‌ಮೆಂಟ್ ಬರಕ್ ಮುಂಚೆ ನಮ್ಮತ್ತೆ ಕಾಲ್ದಲ್ಲೇ ನಾವಿಲ್ಲಿ ಬರ್ಕೊಂಡೋರು. ಎಲ್ರಂಗೆ ನಮ್ದೂ ಹಾಕಿ.” ಸಂಬಳಕ್ಕೆ ಮಾಡುವ ಕೆಲಸ ಬೇರೆ, ಚರ್ಚಿನ ಮನೆಯವಳಾಗಿ ಮಾಡುವ ಕೆಲಸ ಬೇರೆ ಎಂಬುದು ಅವರಿಗೆ ಸ್ಪಷ್ಟವಾಗಿತ್ತು, ಕನಿಕರ ಪಟ್ಟ ನಮಗೆ ಆಗಿರಲಿಲ್ಲ. ಪಟ್ಟಿಯನ್ನು ತಿದ್ದಿದೆವು. ರಿಜಿಸ್ಟರಿನ ಪ್ರಕಾರ ಅವರ ಕುಟುಂಬದ ಹೆಸರು ಮೊದಲ ಹಾಳೆಯಲ್ಲೇ ಬಂತು.

ಆ ಸಲದ ಗುರುವಾರ ಅವರು ಹನ್ನೆರಡರಲ್ಲಿ ಒಬ್ಬರಾಗಿ ಕೂತರು. ಬಿರಿದ ಹಿಮ್ಮಡಿಯ ಗೆರೆಗಳಲ್ಲಿ ಸಾಬೂನಿಗೆ ಹೋಗದ ಕಪ್ಪು ಹಾಗೇ ಇತ್ತು. ಫಾದರ್ ಟವೆಲನ್ನು ಆ ಬಿರುಕುಗಳ ಮೇಲೆ ಉಜ್ಜದೆ ಒತ್ತಿ ಒತ್ತಿ ಒರೆಸಿದರು. ಬೋಗುಣಿ ಚೆಲ್ಲುವ ಸರದಿ ಅಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ತಂದೆ ಮತ್ತು ಅವರ ಕಾಲೇಜು ಓದುವ ಮಗನದ್ದು.

ಎಲ್ಲವೂ ಚೆನ್ನಾಗಿ ನಡೆಯಿತು ಎಂದೇನೂ ಅಲ್ಲ. ಒಬ್ಬ ಗುತ್ತಿಗೆದಾರರು ತಮ್ಮ ಸರದಿಗೆ ಸೈಟಿನ ಇಬ್ಬರು ಕೂಲಿಗಳನ್ನು ಕಳಿಸಿದರು. ಫಾದರ್ ಅವರಿಬ್ಬರಿಗೂ ಕಾಫಿ ಕೊಟ್ಟು ವಾಪಸ್ ಕಳಿಸಿದರು. ಅಂದು ನೆಲ ಗುಡಿಸದೆ ಹಾಗೇ ಉಳಿಯಿತು, ಭಾನುವಾರ ಎಲ್ಲರೂ ಆ ದೂಳಿನ ಮೇಲೆಯೇ ಮಂಡಿಯೂರಿದೆವು. ಮುಂದಿನ ಸರದಿಗೆ ಅವರೇ ಬಂದರು. ಒರೆಸುವ ಬಟ್ಟೆ ಹಿಡಿದು ಮುಂದಕ್ಕೆ ಮುಂದಕ್ಕೆ ಹೋಗುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಅಕ್ಕ, “ಹಿಂದಕ್ಕೆ ನಡೀತಾ ಒರ್ಸಿ ಸಾರ್, ಒರ್ಸಿದ್ ಮೇಲೇ ತುಳೀತಿದ್ದೀರಲ್ಲ” ಎಂದರು. ಅವರು ಒಂದು ಗಳಿಗೆ ನಿಂತರು. ಆಮೇಲೆ ಪೀಠದ ಕಡೆಯಿಂದ ಮತ್ತೆ ಶುರು ಮಾಡಿ, ಹಿಂದಕ್ಕೆ ನಡೆಯುತ್ತ ಬಾಗಿಲವರೆಗೆ ಒರೆಸಿದರು. ಹೇಳಿಸಿಕೊಂಡು ಕಲಿಯಲು ಅಷ್ಟು ದೊಡ್ಡ ಮನುಷ್ಯನಿಗೆ ಎಷ್ಟು ಕಷ್ಟವಾಗಿರಬೇಕು ಎಂಬುದು ನನಗೆ ಅರ್ಥವಾಗುತ್ತದೆ. ಆ ದಿನದಿಂದ ಅವರ ಮೇಲೆ ನನಗೆ ನಿಜವಾದ ಗೌರವ.

ಪೋಪ್ ಫ್ರಾನ್ಸಿಸ್ 2013ರಲ್ಲಿ ಆಯ್ಕೆಯಾದ ಎರಡು ವಾರಕ್ಕೇ ರೋಮ್‌ನ ಕಸಾಲ್ ದೆಲ್ ಮಾರ್ಮೊ ಎಂಬ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಜನ ಎಳೆಯರ ಕಾಲು ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರಿದ್ದರು. ಆ ಚಿತ್ರ ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ಹೆಚ್ಚು ಹತ್ತಿರವಾದದ್ದು 2024ರದ್ದು. ರೆಬಿಬ್ಬಿಯ ಮಹಿಳಾ ಸೆರೆಮನೆ. ಅಷ್ಟು ಹೊತ್ತಿಗೆ ಅವರಿಗೆ ಬಗ್ಗಲು ಆಗುತ್ತಿರಲಿಲ್ಲ, ಗಾಲಿಕುರ್ಚಿಯಲ್ಲಿದ್ದರು. ಹಾಗಾಗಿ ಹನ್ನೆರಡು ಹೆಂಗಸರನ್ನು ಎತ್ತರದ ಕಟ್ಟೆಯ ಮೇಲೆ ಕೂರಿಸಲಾಗಿತ್ತು. ಅವರ ಕಾಲುಗಳು ಪೋಪರ ಕೈಮಟ್ಟಕ್ಕೆ ಬಂದಿದ್ದವು. ಬಗ್ಗಲಾರದವನು ಏನು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಸರಳ ಉತ್ತರ ನಾನು ಕಂಡಿಲ್ಲ. 2025ರ ಪವಿತ್ರ ಗುರುವಾರ, ತೀರಿಕೊಳ್ಳುವ ನಾಲ್ಕು ದಿನ ಮೊದಲು, ರೆಜಿನಾ ಚೇಲಿ ಸೆರೆಮನೆಗೆ ಹೋದರು. ಈ ಸಲ ಕಾಲು ತೊಳೆಯಲು ನನ್ನಿಂದ ಆಗುವುದಿಲ್ಲ, ಆದರೂ ನಿಮ್ಮ ಹತ್ತಿರ ಇರಬೇಕು ಅಂತ ಬಂದೆ ಎಂಬ ಅರ್ಥದ ಮಾತು ಹೇಳಿದರು. ಆಗುವುದಿಲ್ಲ ಎಂದು ಒಪ್ಪಿಕೊಂಡೂ ಮನೆಯಲ್ಲಿ ಉಳಿಯದೆ ಹೋಗುವುದು. ಮಂಡಿ ನೋವಿನ ವಯಸ್ಸಿಗೆ ಬಂದಿರುವ ನಮ್ಮಂಥವರು ಇದನ್ನು ಕಲಿತಿಟ್ಟುಕೊಳ್ಳಬೇಕು.

ಈಗ ನಮ್ಮ ಮುಂದಿರುವುದು ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬ, ತೆನೆ ಆಶೀರ್ವಾದ ಮತ್ತು ಊಟ. ಈವರೆಗೆ ಮೊದಲ ಪಂಕ್ತಿಯಲ್ಲಿ ಸಮಿತಿಯವರು, ದಾನಿಗಳು, ಅತಿಥಿಗಳು ಕೂರುತ್ತಿದ್ದರು. ಪಾತ್ರೆ ತೊಳೆಯುವವರು ಮತ್ತು ಶಾಮಿಯಾನ ಕಟ್ಟಿದ ಹುಡುಗರು ಕೊನೆಗೆ, ಪಾಯಸ ಮುಗಿದ ಮೇಲೆ ಊಟ ಮಾಡುತ್ತಿದ್ದರು. ಈ ಸಲ ಸಮಿತಿಯವರು ಬಡಿಸಿ ಕೊನೆಯ ಪಂಕ್ತಿಯಲ್ಲಿ ಕೂರಬೇಕು ಎಂದು ಬರೆದು ಕೊಟ್ಟಿದ್ದೇನೆ. ಇಬ್ಬರು ಒಪ್ಪಿಲ್ಲ. ದಾನಿಗಳಿಗೆ ಬೇಸರವಾದರೆ ಮುಂದಿನ ವರ್ಷ ಹಣ ಬರುವುದಿಲ್ಲ ಎನ್ನುವುದು ಅವರ ಆತಂಕ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಚರ್ಚಿನ ಛಾವಣಿ ಸೋರುತ್ತಿದೆ, ಹಣ ಬೇಕು. ಭಾನುವಾರ ಎರಡನೆಯ ಪೂಜೆ ಆದ ಮೇಲೆ ಸಭೆ ಇದೆ. ಚಿನ್ನದ ಉಂಗುರ ತೊಟ್ಟು ಬಂದವನಿಗೆ ಒಳ್ಳೆಯ ಜಾಗ ತೋರಿಸಿ, ಕೊಳೆಬಟ್ಟೆಯ ಬಡವನಿಗೆ ಅಲ್ಲಿ ನಿಲ್ಲು ಎನ್ನುವ ಸಭೆಯನ್ನು ಯಕೋಬರು ಬೈಬಲ್ಲಿನಲ್ಲಿರುವ ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ಏನು ಕೇಳುತ್ತಾರೋ, ಅದನ್ನು ಅಲ್ಲಿ ಓದುತ್ತೇನೆ. ಆಮೇಲೆ ಪಾಯಸ ಎಷ್ಟು ಹೆಚ್ಚು ಮಾಡಬೇಕು, ಅದಕ್ಕೆ ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕವನ್ನೂ ಇಡುತ್ತೇನೆ.